ಮಾವನ ಅಂಚೆ ಮತ

ಮಾರ್ಚ್ 6

ಸುರಂಗ ಕಾಮಗಾರಿಯ ಸರ್ವೇಯರರೂ, ನನ್ನ ಅಮ್ಮನ ಏಕಮಾತ್ರ ತಮ್ಮನೂ, ಸದ್ಯ ಬೆಟ್ಟದ ಹೊಟ್ಟೆಯೊಳಗೆ ಒಂದು ಕಣ್ಣು ಮುಚ್ಚಿ ಕೂತಿರುವವರೂ ಆದ ಮಾವನವರ ಸನ್ನಿಧಾನಕ್ಕೆ,

ಈ ಮನೆಯಲ್ಲಿ ಹದಿನೈದು ದಿನಗಳಿಂದ ಊಟದ ಹೊತ್ತಿಗೆ ಸರಿಯಾಗಿ ಆರಂಭವಾಗುತ್ತಿರುವ ಗಲಾಟೆಯನ್ನು ಶಾಂತಿಯುತವಾಗಿ ಬಗೆಹರಿಸುವ ಸಲುವಾಗಿ ಗುಪ್ತ ಮತದಾನ ನಡೆಸಲು ಚುನಾವಣಾಧಿಕಾರಿ ತೀರ್ಮಾನಿಸಿದ್ದಾರೆ. ಚುನಾವಣಾಧಿಕಾರಿ ನಾನೇ. ಬೇರೆ ಯಾರೂ ಅರ್ಜಿ ಹಾಕಲಿಲ್ಲ. ಫ್ರಿಜ್ಜಿಗೆ ಅಂಟಿಸಿರುವ ಪ್ರಕಟಣೆಯ ನಕಲು ಹೀಗಿದೆ:

"ವಿದ್ಯಾರ್ಥಿನಿ: ವಯಸ್ಸು ಹದಿನೇಳು. ವೇಗದ ನಡಿಗೆಯ ಕ್ರೀಡಾಪಟು. ನಡಿಗೆ ಎಂದರೆ ಓಟವಲ್ಲ. ಯಾವ ಕ್ಷಣದಲ್ಲೂ ಒಂದು ಪಾದ ನೆಲಕ್ಕೆ ತಾಗಿರಲೇಬೇಕು. ಎರಡೂ ಎದ್ದದ್ದನ್ನು ಮೂವರು ತೀರ್ಪುಗಾರರು ಬರಿಗಣ್ಣಿನಲ್ಲಿ ಕಂಡು ಕೆಂಪು ಕಾರ್ಡು ಬರೆದರೆ ಸೀದಾ ಮನೆಗೆ. ಹಣಕಾಸು, ರಾಜಕೀಯ ಎರಡರಲ್ಲೂ ಆಸಕ್ತಿ ಇರುವುದಾಗಿ ಹೇಳಿಕೊಳ್ಳುತ್ತಾಳೆ.

ಅಭ್ಯರ್ಥಿ ಒಂದು: ಗಾಜಿನ ಕಾಲೇಜು, ಗೋಡೆಯೆಲ್ಲ ಗಾಜು. ಮನೆಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಹಣಕಾಸು ಓದಬಹುದು. ಅಂಕಪಟ್ಟಿ ನೋಡಿ ಈಗಲೇ ಸೀಟು ಕೊಟ್ಟಿದ್ದಾರೆ. ಮೈದಾನ ಇಲ್ಲ, ಇದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ.

ಅಭ್ಯರ್ಥಿ ಎರಡು: ಮೈದಾನದ ಕಾಲೇಜು. ರೈಲಿನಲ್ಲಿ ಒಂಬತ್ತು ಗಂಟೆ. ರಾಜಕೀಯ ಮುಖ್ಯ ವಿಷಯ, ಜೊತೆಗೆ ಹಣಕಾಸನ್ನೂ ತೆಗೆದುಕೊಳ್ಳಬಹುದು. ನಡಿಗೆಗೆಂದೇ ಒಬ್ಬ ಕೋಚ್ ಮೇಡಂ ಇದ್ದಾರೆ. ಆದರೆ ಅಲ್ಲಿ ಸೀಟು ಸಿಗುವುದು ಕ್ರೀಡಾ ಕೋಟಾದಲ್ಲಿ. ಮೇ 3ರ ಆಯ್ಕೆ ಸ್ಪರ್ಧೆಯಲ್ಲಿ ಐದು ಕಿಲೋಮೀಟರನ್ನು ಇಪ್ಪತ್ತಾರು ನಿಮಿಷದೊಳಗೆ ಮುಗಿಸಬೇಕು, ಹೊರಗೆ ಹಾಕಿಸಿಕೊಳ್ಳಬಾರದು."

ಮತದಾರರು ಐವರು: ಅಮ್ಮ, ಅಪ್ಪ, ಅಜ್ಜಿ, ಶಾಲೆಯ ಡ್ರಿಲ್ ಮಾಸ್ತರು, ಮತ್ತು ತಾವು. ನಿಮ್ಮ ಕ್ಯಾಂಪಿಗೆ ಫೋನು ಮುಟ್ಟುವುದಿಲ್ಲ, ಜೀಪು ಶನಿವಾರಕ್ಕೊಮ್ಮೆ ಮಾತ್ರ ಟಪಾಲು ಒಯ್ಯುತ್ತದೆ. ಆದ್ದರಿಂದ ತಮಗೆ ಅಂಚೆ ಮತದ ವಿಶೇಷ ಸವಲತ್ತು ನೀಡಲಾಗಿದೆ. ಚೀಟಿ ಲಗತ್ತಿಸಿದೆ. ಒಂದು ಹೆಸರಿನ ಮುಂದೆ ಗುರುತು ಹಾಕಿ ಕಳಿಸು ಮಾವ. ಎರಡಕ್ಕೂ ಹಾಕಿದರೆ ಜೈಲು.

ಚುನಾವಣಾಧಿಕಾರಿಯ ಮೊಹರು ಇನ್ನೂ ತಯಾರಾಗಿಲ್ಲ, ಹೆಬ್ಬೆರಳು ಒತ್ತಿದ್ದೇನೆ.

ಬಾತು


ಮಾರ್ಚ್ 14

ಚುನಾವಣಾಧಿಕಾರಿ ಬಾತುಕೋಳಿಯವರಿಗೆ ಸುರಂಗದಿಂದ ಸಲಾಮು.

ನಿನ್ನ ಹೆಬ್ಬೆರಳಿನ ಗುರುತಿಗೆ ಉಪ್ಪಿನಕಾಯಿ ಎಣ್ಣೆ ಅಂಟಿದೆ. ಇದು ಮತದಾರನಿಗೆ ಆಮಿಷ ಒಡ್ಡುವ ಕೆಲಸ, ದೂರು ಕೊಡಬೇಕೆಂದಿದ್ದೇನೆ.

ಇಲ್ಲಿ ಬೆಟ್ಟವನ್ನು ಎರಡು ಕಡೆಯಿಂದ ಕೊರೆಯುತ್ತಿದ್ದೇವೆ. ಆ ಕಡೆಯವರು ಇನ್ನೂ ನಾನೂರು ಮೀಟರ್ ಆಚೆ. ಇಬ್ಬರೂ ನಡುವೆ ಒಂದೇ ಕಡೆ ಸೇರಬೇಕು. ದಿನವಿಡೀ ಉಪಕರಣಕ್ಕೆ ಕಣ್ಣು ಹಚ್ಚಿ ಅಂಕಿ ಓದುವುದು, ಅನುಮಾನ ಬಂದರೆ ಮತ್ತೆ ಓದುವುದು. ಬೆಟ್ಟಕ್ಕೆ ಅವಸರ ಇಲ್ಲ, ಅದೊಂದು ಸುಖ.

ಮತ ಹಾಕುವ ಮೊದಲು ಒಂದು ಪ್ರಶ್ನೆ. ನೀನು ಈಗ ಹೇಗೆ ನಡೆಯುತ್ತಿದ್ದೀಯ? ಅಕ್ಟೋಬರಿನ ಜಿಲ್ಲಾ ಸ್ಪರ್ಧೆ ಆದಮೇಲೆ ನೀನು ಆ ಮಾತೇ ಎತ್ತಿಲ್ಲ, ನಾನೂ ಕೇಳಿಲ್ಲ.

ಅಕ್ಕನಿಗೆ, ಭಾವನಿಗೆ, ಅಮ್ಮನಿಗೆ ಕೇಳಿದೆನೆಂದು ಹೇಳು.

ಮಾವ


ಮಾರ್ಚ್ 20

ಮಾನ್ಯ ಅಂಚೆ ಮತದಾರರೇ,

ಮತದಾನ ಮುಗಿಯಿತು. ಹಿಂಸಾಚಾರ ಅಲ್ಪ.

ಪೆಟ್ಟಿಗೆಯಾಗಿ ನನ್ನ ಶೂ ಬಂದ ರಟ್ಟಿನ ಡಬ್ಬ. ಮತಗಟ್ಟೆಯಾಗಿ ಬಟ್ಟೆ ಬೀರುವಿನ ಬಾಗಿಲ ಮರೆ. ಅಪ್ಪ ನಾಲ್ಕು ನಿಮಿಷ ಮರೆಯಲ್ಲೇ ನಿಂತಿದ್ದ. "ಏನ್ರೀ, ಒಳಗೆ ನಿದ್ದೆ ಬಂತಾ?" ಎಂದು ಅಮ್ಮ ಕೂಗಿದಳು. ನಿನಗೇ ಗೊತ್ತಲ್ಲ, ಡ್ರೈವಿಂಗ್ ಶಾಲೆಯವನು, ಇಪ್ಪತ್ತು ವರ್ಷ ಕಾರಿನ ಎಡಬದಿಯಲ್ಲಿ ಕೂತು ತನ್ನ ಬ್ರೇಕು ತುಳಿದವನು. ಸ್ಟೀರಿಂಗ್ ಕೈಗೆ ಸಿಕ್ಕರೆ ಗಾಬರಿಯಾಗುತ್ತಾನೆ.

ಅಮ್ಮ ಬ್ಯಾಂಕಿನ ಕೌಂಟರಿನಲ್ಲಿ ಮಾತಾಡುವ ಧ್ವನಿಯಲ್ಲೇ ಪ್ರಚಾರ ಮಾಡಿದಳು. "ಗಾಜಿನ ಕಾಲೇಜು. ಸೀಟು ಕೈಯಲ್ಲಿದೆ. ಮುಂದಿನವರು ಬನ್ನಿ."

ಅಜ್ಜಿಗೆ ಗುಪ್ತ ಮತದಾನದಲ್ಲಿ ನಂಬಿಕೆ ಇಲ್ಲ. ಚೀಟಿಯನ್ನು ಎಲ್ಲರಿಗೂ ತೋರಿಸಿ ಡಬ್ಬಕ್ಕೆ ಹಾಕಿದಳು. "ಮೈದಾನದ ಕಾಲೇಜಿಗೇ ಹೋಗಲಿ ಕಣ್ರೇ. ರಾಜಕೀಯ ಓದಲಿ. ದಿನಾ ಪೇಪರು ಓದಿ ಯಾರ್ಯಾರನ್ನೋ ಬೈದು ಬೈದು ಸಾಕಾಗಿದೆ. ನಮ್ಮನೆಯವರೇ ಒಬ್ಬರಿದ್ರೆ ಎದುರಿಗೆ ಕೂರಿಸ್ಕೊಂಡು ಬೈಬಹುದು."

ಎಣಿಕೆ: ಗಾಜು ಎರಡು, ಮೈದಾನ ಎರಡು. ಎಲ್ಲವೂ ನಿನ್ನ ಚೀಟಿಯ ಮೇಲೆ ನಿಂತಿದೆ ಮಾವ. ಇಷ್ಟು ಅಧಿಕಾರ ನಿನಗೆ ಈ ಮನೆಯಲ್ಲಿ ಹಿಂದೆಂದೂ ಸಿಕ್ಕಿರಲಿಲ್ಲ, ಸರಿಯಾಗಿ ಅನುಭವಿಸು. ನನಗೆ ಮತ ಇಲ್ಲ, ಅಧಿಕಾರಿ ಪಕ್ಷಪಾತ ಮಾಡುವಂತಿಲ್ಲ. ಆದರೂ ಮೈದಾನದ ಕಾಲೇಜಿನ ಕರಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿರುವುದು ಅಧಿಕಾರಿಯ ಖಾಸಗಿ ವಿಷಯ.

ಇನ್ನು ನಿನ್ನ ಪ್ರಶ್ನೆ. ತಮಾಷೆ ಬಿಟ್ಟು ಹೇಳುತ್ತೇನೆ.

ಅಕ್ಟೋಬರಿನಲ್ಲಿ ನನ್ನನ್ನು ಹೊರಗೆ ಹಾಕಿದ ಮೂರನೆಯ ಕೆಂಪು ಕಾರ್ಡು ಬರೆದ ತೀರ್ಪುಗಾರ ನೀನೇ ಅಂತ ಗೊತ್ತಾದಾಗ ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಯೋಚಿಸಿದೆ. ಮಿಲಿಮೀಟರು ಓದುವ ಕಣ್ಣು ನಿನ್ನದು. ಉಳಿದ ಇಬ್ಬರ ಕಣ್ಣು ತಪ್ಪಿರಬಹುದು, ನಿನ್ನದು ತಪ್ಪಲು ಸಾಧ್ಯವೇ ಇಲ್ಲ. ಅದರಲ್ಲೂ ಅಕ್ಕನ ಮಗಳ ಮೇಲೆ ಸುಮ್ಮನೆ ಬರೆಯುತ್ತೀಯಾ? ಅಂದರೆ ನನ್ನ ನಡಿಗೆಯೇ ಬುಡದಿಂದ ತಪ್ಪಿದೆ. ಆವತ್ತಿನಿಂದ ಹೆಜ್ಜೆಯನ್ನು ಒಂದು ಗೇಣು ಕಡಿಮೆ ಮಾಡಿದ್ದೇನೆ. ಹಿಮ್ಮಡಿ ಊರಿತೋ ಇಲ್ಲವೋ ಎಂದು ಪ್ರತಿ ಸಲ ಮನಸ್ಸಿನಲ್ಲೇ ನೋಡಿಕೊಳ್ಳುತ್ತೇನೆ. ಮೊದಲು ಇಪ್ಪತ್ತೈದು ನಲವತ್ತರಲ್ಲಿ ಮುಗಿಸುತ್ತಿದ್ದವಳು ಈಗ ಇಪ್ಪತ್ತೇಳು ದಾಟುತ್ತಿದ್ದೇನೆ. "ನೀನೇನು ಮೊಟ್ಟೆ ಮೇಲೆ ನಡೀತಿದ್ದೀಯಾ?" ಎಂದು ಮಾಸ್ತರು ತಲೆ ಚಚ್ಚಿಕೊಳ್ಳುತ್ತಾರೆ. ಪರವಾಗಿಲ್ಲ. ನಿಧಾನವಾದರೂ ಸರಿಯಾಗಿ ನಡೆಯಬೇಕು ಅಲ್ಲವಾ?

ಅಜ್ಜಿ ಇನ್ನೂ ನಿನ್ನ ಮೇಲೆ ಸಿಟ್ಟಿನಲ್ಲಿದ್ದಾಳೆ. ನಾನು ಮಾತ್ರ ಎಲ್ಲರ ಮುಂದೆ ನಿನ್ನ ಪರ. "ಮಾವ ಕಂಡಿದ್ದನ್ನ ಬರೆದ, ಅಷ್ಟೇ" ಎನ್ನುತ್ತೇನೆ.

ಚೀಟಿ ಬೇಗ ಕಳಿಸು. ಸ್ಪರ್ಧೆಗೆ ಹೆಸರು ಕೊಡಲು ಏಪ್ರಿಲ್ ಕೊನೆಯ ವಾರ ಗಡುವು.

ಬಾತು


ಏಪ್ರಿಲ್ 11

ಬಾತು,

ಎರಡು ಶನಿವಾರ ಜೀಪು ಖಾಲಿ ಹೋಯಿತು. ಇಲ್ಲಿ ಬಂಡೆ ಸಡಿಲ ಬಂದು ಕೆಲಸ ಜಾಸ್ತಿ.

ಚೀಟಿ ಇಟ್ಟಿದ್ದೇನೆ. ಗಾಜಿನ ಕಾಲೇಜು.

ಕಾಲು ಹತ್ತು ವರ್ಷ ಬರಬಹುದು, ತಲೆ ಕೊನೆಯ ತನಕ ಬರುತ್ತದೆ. ಹಣಕಾಸು ಒಳ್ಳೆಯ ವಿದ್ಯೆ. ಮನೆ ಹತ್ತಿರ, ಅಕ್ಕನಿಗೂ ಸಮಾಧಾನ. ಆಯ್ಕೆ ಸ್ಪರ್ಧೆ, ತೀರ್ಪುಗಾರರು, ಇದೆಲ್ಲ ಇನ್ನು ಬೇಡ.

ಮಾವ


ಏಪ್ರಿಲ್ 15

ಮಾವನವರಿಗೆ,

ಚೀಟಿ ತಲುಪಿತು. ಗಾಜು ಮೂರು, ಮೈದಾನ ಎರಡು. ಫಲಿತಾಂಶವನ್ನು ಫ್ರಿಜ್ಜಿಗೆ ಅಂಟಿಸಿದ್ದೇನೆ. ಅಮ್ಮ ಸಿಹಿ ಮಾಡಿದಳು. ಅಪ್ಪ ಯಾಕೋ ತಿನ್ನಲಿಲ್ಲ.

ಒಂದು ಕೇಳಬೇಕಿತ್ತು. ನನ್ನ ನಡಿಗೆ ಅಷ್ಟು ಕೆಟ್ಟದಾಗಿತ್ತಾ? ಕಾರ್ಡು ಬರೆದಾಗ ಒಂದು ತಪ್ಪು ಕಂಡಿದೆ ಅಂದುಕೊಂಡಿದ್ದೆ, ತಿದ್ದಿಕೊಳ್ಳಬಹುದು ಅಂದುಕೊಂಡಿದ್ದೆ. ತಿದ್ದಲಾಗದ್ದು ಅಂತ ಆವತ್ತೇ ಗೊತ್ತಿದ್ದರೆ ಆವತ್ತೇ ಹೇಳಬಹುದಿತ್ತು. ಆರು ತಿಂಗಳು ಬೆಳಿಗ್ಗೆ ಐದಕ್ಕೆ ಏಳುವುದು ಉಳಿಯುತ್ತಿತ್ತು.

ಬೇಸರವೇನಿಲ್ಲ. ಶೂಗಳನ್ನು ಮಾಸ್ತರಿಗೆ ಕೊಡುತ್ತೇನೆ, ಬೇರೆ ಹುಡುಗಿಗೆ ಆಗುತ್ತವೆ. ನಿಮ್ಮ ಆರೋಗ್ಯ ನೋಡಿಕೊಳ್ಳಿ.

ನಿಮ್ಮ ಅಕ್ಕನ ಮಗಳು


ಏಪ್ರಿಲ್ 20

ಬಾತು,

ನಿನ್ನ ಪತ್ರವನ್ನು ಜೀಪು ಶನಿವಾರ ತಂದಿತು. ಭಾನುವಾರ ಪೂರ್ತಿ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಇನ್ನೊಂದು ಶನಿವಾರಕ್ಕೆ ಕಾಯಲಾಗಲಿಲ್ಲ. ಇವತ್ತು ರಜೆ ಹಾಕಿ ಬೆಟ್ಟ ಇಳಿದು ಬಂದು ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲೊಬ್ಬರು ಪಾರ್ಸಲ್ ಹೊಲಿಯುತ್ತಿದ್ದಾರೆ, ಎರಡು ಸಲ ನನ್ನ ಮುಖ ನೋಡಿದರು.

ಮೊದಲನೆಯದಾಗಿ, ಶೂ ಕೊಡಬೇಡ.

ಆವತ್ತು ನಾನು ನಿಂತಿದ್ದದ್ದು ನೀರಿನ ಮೇಜಿನ ಪಕ್ಕದ ತಿರುವಿನಲ್ಲಿ. ಐವರು ತೀರ್ಪುಗಾರರು ಬೇಕಿತ್ತು, ನಾಲ್ವರೇ ಇದ್ದರು, ಅದಕ್ಕೇ ನನ್ನನ್ನು ಹಾಕಿಕೊಂಡರು. "ಆ ಹುಡುಗಿ ನಮ್ಮಕ್ಕನ ಮಗಳು" ಎಂದು ಮುಖ್ಯ ತೀರ್ಪುಗಾರರಿಗೆ ಹೇಳಿಯೇ ನಿಂತೆ. "ನಿಮ್ಮನ್ನ ಯಾರ್ರೀ ಅನುಮಾನಿಸ್ತಾರೆ?" ಎಂದರು. ಹನ್ನೊಂದನೇ ಸುತ್ತಿಗೆ ಫಲಕದಲ್ಲಿ ನಿನ್ನ ಸಂಖ್ಯೆಯ ಮುಂದೆ ಎರಡು ಕೆಂಪು ಗುರುತು ಬಿದ್ದಿತ್ತು. ನನ್ನ ಬೆನ್ನ ಹಿಂದೆ, ಹಗ್ಗದಾಚೆ, ಯಾರೋ ಬೇರೆ ಹುಡುಗಿಯರ ತಂದೆತಾಯಿ. "ಅವನು ಅವಳ ಮಾವನಂತೆ." "ಹಂಗಾದ್ರೆ ಮುಗೀತು ಬಿಡಿ, ಮೂರನೇದು ಬೀಳೋದೇ ಇಲ್ಲ."

ನೀನು ನನ್ನ ಮುಂದೆ ಹಾದುಹೋದೆ. ನಿನ್ನ ಪಾದ ಎದ್ದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಯಾಕೆಂದರೆ ನಾನು ನೋಡಲೇ ಇಲ್ಲ. ಕಣ್ಣು ಟ್ರ್ಯಾಕಿನ ಮೇಲಿತ್ತು, ನಾನು ಇದ್ದದ್ದು ಬೆನ್ನ ಹಿಂದಿನ ಮಾತಿನಲ್ಲಿ. ಕೈ ತಾನಾಗಿ ಕಾರ್ಡು ಬರೆಯಿತು.

ಆಮೇಲೆ ನಾಲ್ಕು ಜನ ಬಂದು ಬೆನ್ನು ತಟ್ಟಿದರು. "ಸ್ವಂತದವರು ಅಂತ ನೋಡ್ಲಿಲ್ಲ, ಮೆಚ್ಚಬೇಕು." ಟೀ ಕೊಡಿಸಿದರು. ಕುಡಿದೆ. ನೀನು ದೂರದಲ್ಲಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ, ಅದನ್ನು ಮಾತ್ರ ಸ್ಪಷ್ಟವಾಗಿ ನೋಡಿದೆ.

ಸುರಂಗಕ್ಕೆ ವರ್ಗ ಆಯಿತೆಂದು ಮನೆಯಲ್ಲಿ ಹೇಳಿದ್ದೆ. ಆಗಿರಲಿಲ್ಲ. ನಾನೇ ಅರ್ಜಿ ಕೊಟ್ಟು ಕೇಳಿಕೊಂಡು ಬಂದೆ.

ನೀನು ಹೆಜ್ಜೆಯನ್ನು ಗೇಣು ಕಡಿಮೆ ಮಾಡಿದ್ದೇನೆ ಎಂದು ಬರೆದದ್ದನ್ನು ಓದಿ ಎರಡು ಶನಿವಾರ ಕೈ ಓಡಲಿಲ್ಲ. ಬಂಡೆ ಸಡಿಲ ಬಂದದ್ದು ಸುಳ್ಳು. ಗಾಜಿನ ಕಾಲೇಜಿಗೆ ಮತ ಹಾಕಿದ್ದು ನಿನ್ನ ನಡಿಗೆ ಕೆಟ್ಟದ್ದೆಂದಲ್ಲ. ನೀನು ಮತ್ತೆ ತೀರ್ಪುಗಾರರ ಮುಂದೆ ಹೋಗುವುದನ್ನು, ಅಲ್ಲಿ ಯಾರಾದರೂ ಅಕ್ಟೋಬರಿನ ಮಾತು ಕೆದಕುವುದನ್ನು ತಪ್ಪಿಸಲು. ಇಷ್ಟೇ.

ನನ್ನ ಮತ ರದ್ದು ಮಾಡು.

ಮಾವ


ಏಪ್ರಿಲ್ 24

ಮತ ರದ್ದು ಮಾಡಲು ಅವಕಾಶವಿಲ್ಲ.

ನೀವು ಎರಡು ಸಲ ತೀರ್ಪು ಕೊಟ್ಟಿದ್ದೀರಿ. ಒಂದು ಸಲ ಮೈದಾನದಲ್ಲಿ, ಒಂದು ಸಲ ಅಂಚೆಯಲ್ಲಿ. ಎರಡು ಸಲವೂ ನನ್ನ ಕಾಲು ನೋಡಿ ಕೊಟ್ಟದ್ದಲ್ಲ. ಆರು ತಿಂಗಳು ನಾನು ಎಲ್ಲರ ಹತ್ತಿರ ನಿಮ್ಮ ಪರ ಜಗಳ ಆಡಿದ್ದೇನೆ.

ಸ್ಪರ್ಧೆಗೆ ಹೋಗುತ್ತೇನೋ ಇಲ್ಲವೋ ನಿಮಗೆ ಹೇಳುವುದಿಲ್ಲ.


ಏಪ್ರಿಲ್ 25

ಬಾತು,

ನಿನ್ನಿಂದ ಉತ್ತರ ಬಂದಿಲ್ಲ, ಬರಬೇಕೆಂದೂ ಇಲ್ಲ. ಮುಖ್ಯ ತೀರ್ಪುಗಾರರಿಗೆ ನಡೆದದ್ದನ್ನು ನಡೆದ ಹಾಗೆ ಬರೆದು, ನನ್ನ ತೀರ್ಪುಗಾರರ ಬ್ಯಾಡ್ಜನ್ನೂ ಅದೇ ಲಕೋಟೆಯಲ್ಲಿ ಇವತ್ತಿನ ಜೀಪಿಗೆ ಹಾಕಿದ್ದೇನೆ. ಇದು ನಿನ್ನ ಅಕ್ಟೋಬರಿನ ಫಲಿತಾಂಶವನ್ನು ಬದಲಿಸುವುದಿಲ್ಲ. ನಿನಗೆ ಬೇರೆಯವರಿಂದ ತಿಳಿಯಬಾರದೆಂದು ಬರೆದೆ.

ಹೋಗುವುದಾದರೆ ನಿನ್ನ ಹಳೆಯ ಹೆಜ್ಜೆಯಲ್ಲೇ ನಡೆ. ಆ ಹೆಜ್ಜೆಯನ್ನು ಅಭ್ಯಾಸದ ದಿನಗಳಲ್ಲಿ ನಾನು ನೂರು ಸಲ ನೋಡಿದ್ದೇನೆ. ನೋಡಿದ್ದೇನೆ ಎಂಬ ಮಾತು ಈಗ ನನ್ನ ಬಾಯಲ್ಲಿ ಚೆನ್ನಾಗಿರುವುದಿಲ್ಲ, ಆದರೂ.

ಮಾವ


ಮೇ 6

ಮಾವ,

ಹೋಗಿದ್ದೆ.

ಅಪ್ಪ ಕರೆದುಕೊಂಡು ಹೋದ. ಫಲಿತಾಂಶದ ಚೀಟಿಯನ್ನು ಫ್ರಿಜ್ಜಿನಿಂದ ಕಿತ್ತವನೂ ಅವನೇ. "ನಾನು ಗಾಜಿಗೆ ಹಾಕಿದ್ದು ಹೆದರಿ ಕಣೇ. ಒಂಬತ್ತು ಗಂಟೆ ದೂರ ನನ್ನ ಬ್ರೇಕು ಹಿಡಿಯಲ್ಲ" ಎಂದ. ಮತದಾರರೆಲ್ಲ ಹೆದರಿ ಮತ ಹಾಕಿದ ಈ ಚುನಾವಣೆಯನ್ನು ಅಧಿಕಾರಿ ಪೂರ್ತಿಯಾಗಿ ಅಸಿಂಧು ಎಂದು ಘೋಷಿಸಿ, ರೈಲು ಹತ್ತಿದಳು. ಅಮ್ಮ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, "ಅಲ್ಲಿ ಹಾಸ್ಟೆಲಲ್ಲಿ ಬಿಸಿನೀರು ಬರುತ್ತಾ ಕೇಳಿದ್ಯಾ?" ಅಂದಳು. ಅದನ್ನು ಒಪ್ಪಿಗೆ ಎಂದು ದಾಖಲಿಸಿಕೊಂಡಿದ್ದೇನೆ.

ಮೊದಲ ಮೂರು ಸುತ್ತು ಮೊಟ್ಟೆಯ ಮೇಲೆ ನಡೆದೆ. ಎಲ್ಲರೂ ಮುಂದೆ ಹೋಗುತ್ತಿದ್ದರು. ನಾಲ್ಕನೇ ಸುತ್ತಿನಲ್ಲಿ ನಿನ್ನ ಮೇಲೆ ಎಂಥ ಸಿಟ್ಟು ಬಂತು ಅಂದರೆ, ಹೆಜ್ಜೆ ತಾನಾಗಿ ಉದ್ದವಾಯಿತು. ಹಳೆಯ ಸೊಂಟ, ಹಳೆಯ ಕೈಬೀಸು. ಬೈಯುತ್ತಲೇ ಆರು ಜನರನ್ನು ದಾಟಿದೆ. ನಿನ್ನನ್ನು ಯಾವ ಯಾವ ಪ್ರಾಣಿಗೆ ಹೋಲಿಸಿದೆ ಎಂಬುದನ್ನು ಅಧಿಕೃತ ಪತ್ರದಲ್ಲಿ ಬರೆಯಲಾಗದು.

ಎಂಟನೇ ಸುತ್ತಿಗೆ ಒಂದು ಕಾರ್ಡು. ಹನ್ನೊಂದಕ್ಕೆ ಇನ್ನೊಂದು.

ಆಗ ತಿಳಿಯಿತು ಮಾವ, ಸುಸ್ತಾದಾಗ ನನ್ನ ಪಾದ ನಿಜಕ್ಕೂ ಏಳುತ್ತದೆ. ನಿನ್ನ ಪತ್ರ ಓದಿದ ಮೇಲೆ ನಾನು ಏನೂ ತಪ್ಪೇ ಮಾಡದ ಪಾಪದ ಹುಡುಗಿ ಎಂದು ಹತ್ತು ದಿನ ಸುಖವಾಗಿ ಅಳುತ್ತಿದ್ದೆ. ಆದರೆ ಅಕ್ಟೋಬರಿನಲ್ಲಿ ಇನ್ನಿಬ್ಬರು ಬರೆದಿದ್ದರಲ್ಲ, ಅವರು ನನ್ನ ಮಾವಂದಿರಲ್ಲ. ಅವರು ಕಂಡೇ ಬರೆದದ್ದು.

ಕೊನೆಯ ತಿರುವಿನಲ್ಲಿ ಒಬ್ಬ ತೀರ್ಪುಗಾರ್ತಿ ಇದ್ದಳು. ದಪ್ಪ ಕನ್ನಡಕ, ತಲೆಗೆ ಟೊಪ್ಪಿ. ನನ್ನ ಸಂಖ್ಯೆಗೆ ಎರಡು ಬಿದ್ದಿರುವುದು ಅವಳಿಗೂ ಕಾಣುತ್ತಿತ್ತು. ಹಗ್ಗದಾಚೆಯಿಂದ ಯಾರೋ, "ಅವಳದು ಮುಗೀತು, ಕಾರ್ಡ್ ಬರೀರಿ ಮೇಡಂ!" ಎಂದು ಕೂಗಿದರು. ಅವಳು ತಲೆ ಎತ್ತಲಿಲ್ಲ. ಸೊಂಟ ಬಗ್ಗಿಸಿ ನನ್ನ ಪಾದಗಳನ್ನೇ ನೋಡುತ್ತಿದ್ದಳು. ನನ್ನ ಮುಖ ಅವಳಿಗೆ ಬೇಕಾಗಿಯೇ ಇರಲಿಲ್ಲ. ಅದು ಎಷ್ಟು ಹಿತವಾಗಿತ್ತು ಗೊತ್ತಾ? ನೋಡುತ್ತಿದ್ದಾಳೆ ಅಂತ ಗೊತ್ತಾದದ್ದಕ್ಕೇ ಪಾದ ಸರಿಯಾಗಿ ಊರಿದೆ. ಅವಳು ಬರೆಯಲಿಲ್ಲ.

ಇಪ್ಪತ್ತೈದು ನಿಮಿಷ, ಐವತ್ತೊಂದು ಸೆಕೆಂಡು.

ಆಮೇಲೆ ಸಂದರ್ಶನ. ಕೋಚ್ ಮೇಡಂ ಮತ್ತು ರಾಜಕೀಯ ಪಾಠ ಮಾಡುವ ಒಬ್ಬ ಮೇಷ್ಟ್ರು. ಮೇಡಂ ಕಾಗದ ತಿರುವಿ, "ಅಕ್ಟೋಬರಲ್ಲಿ ಹೊರಗೆ ಹಾಕಿದ್ರಲ್ಲ, ಏನಾಯ್ತು?" ಎಂದರು.

"ಮೂವರು ಬರೆದ್ರು ಮೇಡಂ. ಇಬ್ಬರು ಕಂಡು ಬರೆದ್ರು."

"ಮೂರನೆಯವರು?"

"ಮೂರನೆಯವರು ನಮ್ಮ ಮಾವ."

ಮೇಡಂ ಪೆನ್ನು ಕೆಳಗಿಟ್ಟು, "ಅಯ್ಯೋ ಪಾಪ" ಎಂದರು. ನನಗೋ ನಿನಗೋ ಕೇಳಲು ಧೈರ್ಯ ಬರಲಿಲ್ಲ.

ಮೇಷ್ಟ್ರು ನಿದ್ದೆಯಿಂದ ಎದ್ದವರ ಹಾಗೆ ಕೇಳಿದರು. "ಹಣಕಾಸು ಅಂತೀಯ, ರಾಜಕೀಯ ಅಂತೀಯ. ಯಾವುದಮ್ಮ ನಿಂದು?" ನಾನು ಬಾಯಿಪಾಠ ಮಾಡಿಕೊಂಡು ಹೋದ ಉತ್ತರ ಪೂರ್ತಿ ಮರೆತುಹೋಯಿತು. "ಊರಿನ ದುಡ್ಡು ಎಲ್ಲಿಗೆ ಹೋಗಬೇಕು ಅಂತ ಒಂದು ಕೋಣೆಯಲ್ಲಿ ಕೂತು ಕೈ ಎತ್ತುತ್ತಾರಲ್ಲ ಸಾರ್, ಅವರು ಎದುರಿಗಿರುವ ಕಾಗದ ನೋಡಿ ಎತ್ತುತ್ತಾರೋ, ಪಕ್ಕದವರ ಮುಖ ನೋಡಿ ಎತ್ತುತ್ತಾರೋ ಅಂತ ತಿಳ್ಕೋಬೇಕು" ಎಂದೆ. ಅವರು ಪೂರ್ತಿ ಎಚ್ಚರಾದರು. "ತಿಳ್ಕೊಂಡು ಏನ್ಮಾಡ್ತೀಯ?" "ಗೊತ್ತಿಲ್ಲ ಸಾರ್. ಮೊದಲು ಕಾಗದ ಓದೋಕೆ ಕಲೀತೀನಿ." ಅದಕ್ಕೇ ಹಣಕಾಸೂ ಬೇಕು ಅಂದೆ.

ಸೀಟು ಸಿಕ್ಕಿತು. ಎರಡೂ ವಿಷಯ. ಜುಲೈಗೆ ಹೊರಡುತ್ತೇನೆ. ಮೇಡಂ ಮೊದಲ ವರ್ಷವಿಡೀ ಕೊನೆಯ ಮೂರು ಸುತ್ತನ್ನೇ ತಿದ್ದುತ್ತಾರಂತೆ.

ನಿನ್ನ ವಿಷಯ ಅಜ್ಜಿಗೆ ಮಾತ್ರ ಹೇಳಿದ್ದೇನೆ. ಬೈಯುತ್ತಾಳೆ ಅಂದುಕೊಂಡರೆ, "ಅವನು ಮೊದಲಿಂದ್ಲೂ ಹಾಗೇ ಕಣೆ. ನಾಲ್ಕನೇ ಕ್ಲಾಸಲ್ಲಿ ಮಾನಿಟರ್ ಮಾಡಿದ್ರೆ, ಗಲಾಟೆ ಮಾಡಿದವರ ಪಟ್ಟಿಗೆ ಮೊದಲು ತನ್ನ ಹೆಸರೇ ಬರೆದು ಬಂದಿದ್ದ. ಬೇರೆಯವರ ಹೆಸರು ಬರೆದ್ರೆ ಏನಂದ್ಕೋತಾರೋ ಅಂತ" ಎಂದಳು. ಆಮೇಲೆ ಇಬ್ಬರೂ ನಕ್ಕೆವು. ನಗಬಾರದು ಎಂದುಕೊಂಡೇ ನಕ್ಕೆವು.

ಸಿಟ್ಟು ಪೂರ್ತಿ ಹೋಗಿಲ್ಲ. ಸುಳ್ಳು ಹೇಳುವುದಿಲ್ಲ. ಹಲ್ಲು ಉಜ್ಜುವಾಗ ಒಮ್ಮೊಮ್ಮೆ ಬರುತ್ತದೆ. ಆದರೆ ಬ್ಯಾಡ್ಜು ಕಳಿಸಲು ನಿನಗೆ ಯಾರು ಹೇಳಿದರು? ನಿನ್ನೆ ಮುಖ್ಯ ತೀರ್ಪುಗಾರರ ಮನೆಗೆ ಹೋಗಿದ್ದೆ. ನಿನ್ನ ಪತ್ರವನ್ನು ಮುಂದಿಟ್ಟುಕೊಂಡು ಕೂತಿದ್ದರು. "ಇಪ್ಪತ್ತು ವರ್ಷದಲ್ಲಿ ತಪ್ಪು ಮಾಡಿದೆ ಅಂತ ಬರೆದವನು ಇವನೊಬ್ಬನೇ ಕಣಮ್ಮಾ. ಏನ್ಮಾಡ್ಬೇಕು ಅಂತ ನಿಯಮದ ಪುಸ್ತಕದಲ್ಲೇ ಇಲ್ಲ" ಎಂದರು. ಒಂದು ವರ್ಷ ನಿನ್ನನ್ನು ಟ್ರ್ಯಾಕಿನ ಹತ್ತಿರ ಬಿಡುವುದಿಲ್ಲವಂತೆ. ಆಮೇಲೆ ತೀರ್ಪುಗಾರರ ಪರೀಕ್ಷೆ ಮತ್ತೆ ಬರೆಯಬಹುದು. ಅದು ಸರಿ ಎಂದು ನನಗೂ ಅನ್ನಿಸಿತು, ಒಪ್ಪಿ ಬಂದೆ.

ಆದ್ದರಿಂದ, ಬೆಟ್ಟದ ಹೊಟ್ಟೆಯಲ್ಲಿ ಅಡಗಿರುವ ಮಾವನವರಿಗೆ ಈ ಮೂಲಕ ಆಜ್ಞಾಪಿಸುವುದೇನೆಂದರೆ, ತಾವು ಸದರಿ ಪರೀಕ್ಷೆಗೆ ಈಗಿನಿಂದಲೇ ಓದತಕ್ಕದ್ದು. ಪಾಸಾಗತಕ್ಕದ್ದು. ಮುಂದಿನ ವರ್ಷದ ನನ್ನ ಸ್ಪರ್ಧೆಗೆ ಬಂದು, ಜನ ಹೆಚ್ಚು ಸೇರುವ ತಿರುವಿನಲ್ಲೇ ನಿಲ್ಲತಕ್ಕದ್ದು. ಪಾದ ಎದ್ದರೆ ಬರೆ. ನಾನು ಅಳುತ್ತೇನೆ, ಒಂದು ವಾರ ಮಾತು ಬಿಡುತ್ತೇನೆ, ಆದರೂ ಬರೆ. ಏಳದಿದ್ದರೆ, ಹಿಂದಿನಿಂದ ಯಾರು ಏನೇ ಅನ್ನಲಿ, ಸುಮ್ಮನೆ ನಿಂತಿರು.

ಸ್ಪರ್ಧೆ ಮುಗಿಯುವ ತನಕ ನನ್ನ ಮುಖ ನೋಡಕೂಡದು. ಮುಗಿದ ಮೇಲೆ ನೋಡಬಹುದು.

ಬಾತು